ಒಂದೇ ಗಡಿಗೆಯ ಮೊಸರು ಬುತ್ತಿ

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ಭಾಷಣ ಮಾಡಲು ಬಂದಿಲ್ಲ. ಅಡಿಗೆಯ ಮಾತು ಆಡಲು ಬಂದಿದ್ದೇವೆ.

"ಅಡಿಗಿ ನಮಗ ಗೊತ್ತಿಲ್ಲೇನ್ರಿ? ಸಣ್ಣಾಕಿ ಇದ್ದಾಗಿಂದ ಅದನ್ನ ಮಾಡಾಕತ್ತೀವಿ" ಎಂದು ನೀವು ನಗಬಹುದು. ನಗಿರಿ. ನಮಗೂ ನಗು ಬರುತ್ತದೆ. ಯಾಕೆಂದರೆ ನಾವು ಹೇಳುವ ಅಡಿಗೆ ಹೊಸದಲ್ಲ. ಅದು ಮೊಸರು ಬುತ್ತಿ. ನಮ್ಮ ಮಾತಿನಲ್ಲಿ ಹೇಳಿದರೆ ಮಸರ ಬುತ್ತಿ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಬುತ್ತಿ ಕಟ್ಟುತ್ತೇವೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗುವಾಗ ಕಟ್ಟುತ್ತೇವೆ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವಾಗ ಕಟ್ಟುತ್ತೇವೆ. ದೇವರ ಹೆಸರಿನಲ್ಲಿ ಕಟ್ಟುತ್ತೇವೆ. ಮಕ್ಕಳಿಗೆ ಕಟ್ಟುತ್ತೇವೆ. ಗಂಡನಿಗೆ ಕಟ್ಟುತ್ತೇವೆ.

ನಮಗಾಗಿ ಕಟ್ಟಿಕೊಳ್ಳುತ್ತೇವೆಯೇ?

ಈ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಒಲೆಯ ಹತ್ತಿರ ಹೋಗೋಣ.

ಜೋಳದ ಸೀಮೆಗೆ ಅಕ್ಕಿ ಬಂತು

ನಮ್ಮದು ಜೋಳದ ಸೀಮೆ. ಯಾದಗಿರಿ, ಶಹಾಪುರ, ಸುರಪುರ ಎಲ್ಲ ಕಡೆಯೂ ರೊಟ್ಟಿಯೇ ಊಟ. ಜೋಳದ ನುಚ್ಚು ಮಾಡುತ್ತಿದ್ದರು. ಅದಕ್ಕೆ ಮಜ್ಜಿಗೆ ಹಾಕಿ ಉಣ್ಣುತ್ತಿದ್ದರು. ಅನ್ನ ಎಂದರೆ ಹಬ್ಬದ ದಿನದ ಮಾತು. "ಅನ್ನ ಮಾಡ್ಯಾರಂತ" ಎಂದರೆ ಆ ಮನೆಗೆ ಬೀಗರು ಬಂದಿದ್ದಾರೆ ಎಂದು ಅರ್ಥ. ಹಿರಿಯ ಅಜ್ಜಿಯರನ್ನು ಕೇಳಿ ನೋಡಿ. ಅವರೇ ಹೇಳುತ್ತಾರೆ.

ಆಮೇಲೆ ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಅಣೆಕಟ್ಟು ಆಯಿತು. ಅದಕ್ಕೆ ಬಸವಸಾಗರ ಎಂದು ಹೆಸರು. ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಸುರಪುರ, ಶಹಾಪುರದ ಬಹಳ ಹೊಲಗಳು ಗದ್ದೆಗಳಾದವು. ಜೋಳ ಬೆಳೆದ ನೆಲದಲ್ಲಿ ಭತ್ತ ಬೆಳೆಯಿತು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂತು. ರೇಷನ್ ಅಂಗಡಿಯ ಅಕ್ಕಿ ಬಡವರ ಮನೆಗೂ ಬಂತು.

ಈಗ ಅಕ್ಕಿ ನಮ್ಮ ಮನೆಯಲ್ಲಿ ಇದೆ. ಆದರೆ ಬರೀ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಮೈಗೆ ಬಲ ಬರುವುದಿಲ್ಲ. ಅನ್ನದ ಜೊತೆ ಏನು ಉಣ್ಣುತ್ತೇವೆ ಎಂಬುದು ಮುಖ್ಯ. ಬರೀ ಖಾರ ನೀರು ಹಾಕಿಕೊಂಡು ಉಂಡರೆ ಆಯಿತೇ?

ನಸುಕಿನ ಒಲೆ

ಭತ್ತದ ನಾಟಿ ಇರಲಿ. ಹತ್ತಿ ಬಿಡಿಸುವುದು ಇರಲಿ. ತೊಗರಿಯ ಕಸ ತೆಗೆಯುವುದು ಇರಲಿ. ನಾವು ನಸುಕಿನಲ್ಲಿ ಏಳಬೇಕು. ನೀರು ತರಬೇಕು. ಕಸ ಗುಡಿಸಬೇಕು. ರೊಟ್ಟಿ ಬಡಿಯಬೇಕು. ಮಕ್ಕಳನ್ನು ಎಬ್ಬಿಸಬೇಕು. ಅಷ್ಟರಲ್ಲಿ ಟಂಟಂ ಬಂದು ನಿಲ್ಲುತ್ತದೆ. "ಲಗೂ ಬರ್ರಿ, ಹೊತ್ತಾತು" ಎಂದು ಕೂಗುತ್ತಾರೆ.

ಆಗ ನಾವು ಏನು ಮಾಡುತ್ತೇವೆ? ಎರಡು ರೊಟ್ಟಿ ಸುತ್ತಿಕೊಂಡು, ಅದರ ನಡುವೆ ಖಾರಪುಡಿ ಹಾಕಿಕೊಂಡು ಓಡುತ್ತೇವೆ. ಪಲ್ಯ ಮನೆಯಲ್ಲಿ ಉಳಿಯುತ್ತದೆ. ಮೊಸರೂ ಮನೆಯಲ್ಲಿ ಉಳಿಯುತ್ತದೆ.

ಅದಕ್ಕೇ ಈ ಅಡಿಗೆ ಹೇಳುತ್ತಿದ್ದೇವೆ. ಇದಕ್ಕೆ ಒಂದೇ ಗಡಿಗೆ ಸಾಕು. ಒಂದೇ ಒಲೆ ಸಾಕು. ಸಾರು ಬೇರೆ ಬೇಡ. ಪಾತ್ರೆ ಕಡಿಮೆ, ತಿಕ್ಕುವುದೂ ಕಡಿಮೆ. ಕಟ್ಟಿಗೆ ಕಡಿಮೆ. ಗ್ಯಾಸ್ ಇದ್ದವರಿಗೆ ಗ್ಯಾಸೂ ಉಳಿತಾಯ.

ಏನೇನು ಬೇಕು?

ಐದು ಜನರ ಮನೆಗೆ ಲೆಕ್ಕ ಹೇಳುತ್ತೇವೆ. ಚಹಾದ ಸಣ್ಣ ಗ್ಲಾಸು ಅಲ್ಲ, ನೀರು ಕುಡಿಯುವ ಗ್ಲಾಸು ಹಿಡಿಯಿರಿ. ಐದು ಗ್ಲಾಸು ತುಂಬಿದರೆ ಒಂದು ಲೀಟರ್ ಆಗಬೇಕು. ಹೊಸದಾಗಿ ಓದು ಕಲಿತಿದ್ದೀರಿ. ಈ ಪಟ್ಟಿಯನ್ನು ಜೋರಾಗಿ ಓದಿ.

ಅಕ್ಕಿ – ಅರ್ಧ ಕಿಲೋ (ಸುಮಾರು 3 ಗ್ಲಾಸು)
ನೀರು – 10 ಗ್ಲಾಸು
ಹಾಲು – ಅರ್ಧ ಲೀಟರ್
ಶೇಂಗಾ – 2 ಹಿಡಿ
ಹಸಿಮೆಣಸಿನಕಾಯಿ – 4
ಅಲ್ಲ (ಹಸಿ ಶುಂಠಿ) – ಒಂದು ತುಂಡು
ಸಾಸಿವೆ, ಜೀರಿಗೆ – ಒಂದೊಂದು ಸಣ್ಣ ಚಮಚ
ಕರಿಬೇವು – 2 ಎಸಳು
ಎಣ್ಣೆ – 3 ಚಮಚ
ಉಪ್ಪು – 3 ಸಣ್ಣ ಚಮಚ
ಕೊತ್ತಂಬರಿ – ಸಿಕ್ಕರೆ

ಮೊಸರು ಎಲ್ಲಿ ಎಂದು ಕೇಳಿದಿರಾ? ಮೊಸರು ಈ ಅರ್ಧ ಲೀಟರ್ ಹಾಲಿನಲ್ಲೇ ಇದೆ. ಹೇಗೆ ಎಂದು ಹೇಳುತ್ತೇವೆ.

ಹಿಂದಿನ ರಾತ್ರಿ

ಹಾಲು ಕಾಯಿಸಿ. ಅದರಲ್ಲಿ ಅರ್ಧ ಗ್ಲಾಸು ಹಾಲನ್ನು ಬೇರೆ ತೆಗೆಯಿರಿ. ಬೆರಳು ಅದ್ದಿ ನೋಡಿ. ಬೆರಳಿಗೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಆಗ ಕಾಲು ಚಮಚ ಹೆಪ್ಪು ಹಾಕಿ ಮುಚ್ಚಿಡಿ. ಬೇಸಿಗೆಯಲ್ಲಿ ಐದಾರು ತಾಸಿಗೆ ಮೊಸರು ಆಗುತ್ತದೆ. ಚಳಿಗಾಲದಲ್ಲಿ ತಡ. ಆಗ ಪಾತ್ರೆಯನ್ನು ಹಳೆಯ ಕೌದಿಯಲ್ಲಿ ಸುತ್ತಿಡಿ.

ಉಳಿದ 2 ಗ್ಲಾಸು ಹಾಲನ್ನು ಮುಚ್ಚಿ ತಣ್ಣಗಿನ ಜಾಗದಲ್ಲಿ ಇಡಿ. ಬೆಳಿಗ್ಗೆ ಇನ್ನೊಮ್ಮೆ ಕಾಯಿಸಿ ಆರಿಸಿ.

ಬೆಳಿಗ್ಗೆ ಮಾಡುವ ರೀತಿ

ಮೊದಲು ಅಕ್ಕಿ ತೊಳೆಯಿರಿ. ಎರಡು ಸಲ ತೊಳೆದರೆ ಸಾಕು. ಬಹಳ ತಿಕ್ಕಿದರೆ ಸತ್ವ ನೀರಿಗೆ ಹೋಗುತ್ತದೆ.

ಇಲ್ಲಿ ಒಂದು ಮಾತು. ರೇಷನ್ ಅಕ್ಕಿಯಲ್ಲಿ ಕೆಲವು ಕಾಳು ಬೇರೆ ಥರ ಕಾಣಬಹುದು. ಬಣ್ಣ ಸ್ವಲ್ಪ ಬೇರೆ. ತೊಳೆಯುವಾಗ ಕೆಲವು ನೀರಿನ ಮೇಲೆ ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ ಕೊಟ್ಟಾರ" ಎಂದು ಅವನ್ನು ಆರಿಸಿ ಚೆಲ್ಲಿದ ಅಕ್ಕಂದಿರು ಇದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಸತ್ವ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಸೇರಿಸಿ ಕಾಳಿನ ಹಾಗೆ ಮಾಡಿರುತ್ತಾರೆ. ನೂರು ಕಿಲೋ ಅಕ್ಕಿಗೆ ಒಂದು ಕಿಲೋ ಅಂಥ ಕಾಳು ಬೆರೆಸುತ್ತಾರೆ. ರಕ್ತ ಕಡಿಮೆ ಇದ್ದವರಿಗೆ ನೆರವಾಗಲಿ ಎಂದು ಹೀಗೆ ಮಾಡಿದ್ದು. ಅದನ್ನು ಚೆಲ್ಲಬೇಡಿ.

ಈಗ ಗಡಿಗೆಯನ್ನು ಒಲೆಯ ಮೇಲೆ ಇಡಿ. ಎಣ್ಣೆ ಹಾಕಿ. ಶೇಂಗಾ ಹುರಿಯಿರಿ. ಸಾಸಿವೆ, ಜೀರಿಗೆ ಚಟಪಟ ಅನ್ನಲಿ. ಹೆಚ್ಚಿದ ಮೆಣಸಿನಕಾಯಿ, ಅಲ್ಲ, ಕರಿಬೇವು ಹಾಕಿ. ಘಮ ಬಂದ ಕೂಡಲೇ ಒಗ್ಗರಣೆಯನ್ನು ತಾಟಿಗೆ ತೆಗೆಯಿರಿ. ಗಡಿಗೆಯ ತಳದಲ್ಲಿ ಸ್ವಲ್ಪ ಎಣ್ಣೆ ಉಳಿಯುತ್ತದೆ. ಉಳಿಯಲಿ.

ಅದೇ ಗಡಿಗೆಗೆ 10 ಗ್ಲಾಸು ನೀರು ಹಾಕಿ. ನೀರು ಕುದಿಯಲಿ. ಅಕ್ಕಿ ಹಾಕಿ. ಉಪ್ಪು ಹಾಕಿ. ಗಂಜಿ ಬಸಿಯಬೇಡಿ. ಮೆತ್ತಗೆ ಬೇಯಿಸಿ. ಕಾಳು ಹಿಚುಕಿದರೆ ಬೆಣ್ಣೆಯ ಹಾಗೆ ಆಗಬೇಕು. ನೀರು ಇಂಗಿ ಅನ್ನ ತಳ ಹತ್ತುವಂತಾದರೆ ಇನ್ನೊಂದು ಗ್ಲಾಸು ಕುದಿಯುವ ನೀರು ಹಾಕಿ.

ಒಲೆಯಿಂದ ಇಳಿಸಿ. ಹುಟ್ಟಿನಿಂದ ಅನ್ನ ನಾದಿರಿ. ಬಿಸಿ ಇದ್ದಾಗಲೇ ನಾದಬೇಕು. ಆರಿದ ಮೇಲೆ ನಾದಿದರೆ ಗಂಟು ಉಳಿಯುತ್ತದೆ. ನಾದಿದ ಮೇಲೆ 2 ಗ್ಲಾಸು ಹಾಲು ಹಾಕಿ ಕಲಸಿ. ಈಗ ಮುಚ್ಚಬೇಡಿ. ಆರಲು ಬಿಡಿ.

ಕೈಗೆ ಉಗುರು ಬೆಚ್ಚಗೆ ಅನಿಸಿದಾಗ ಅರ್ಧ ಗ್ಲಾಸು ಮೊಸರು ಹಾಕಿ. ತಾಟಿನ ಒಗ್ಗರಣೆ ಹಾಕಿ. ಕೊತ್ತಂಬರಿ ಹಾಕಿ. ಚೆನ್ನಾಗಿ ಕಲಸಿ. ಬುತ್ತಿ ಆಯಿತು.

ಅಲ್ಲೇ ಉಣ್ಣುವುದಾದರೆ ಲೆಕ್ಕ ತಿರುಗಿಸಿ. ಮೊಸರು 2 ಗ್ಲಾಸು, ಹಾಲು ಅರ್ಧ ಗ್ಲಾಸು. ಮೊಸರು ಇಲ್ಲದ ದಿನ ಗಟ್ಟಿ ಮಜ್ಜಿಗೆ ಹಾಕಿದರೂ ನಡೆಯುತ್ತದೆ. ಸೌತೆಕಾಯಿ ಇದ್ದರೆ ಉಣ್ಣುವಾಗ ಹೆಚ್ಚಿ ಹಾಕಿಕೊಳ್ಳಿ.

ಯಾಕೆ ಹೀಗೆ?

ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. "ಹಾಲು ಯಾಕ್ರಿ? ಬರೀ ಮಸರು ಹಾಕಿದ್ರ ಆಗಲ್ಲೇನು?"

ಒಳ್ಳೆಯ ಪ್ರಶ್ನೆ. ಮೊಸರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಇವೆ. ಅವು ಹಾಲನ್ನು ಹುಳಿ ಮಾಡುತ್ತವೆ. ಹಾಗಾಗಿ ಹಾಲು ಮೊಸರಾಗುತ್ತದೆ. ಬೆಳಿಗ್ಗೆ ಬುತ್ತಿಗೆ ಬರೀ ಮೊಸರು ಹಾಕಿದರೆ ಮಧ್ಯಾಹ್ನಕ್ಕೆ ಅದು ಬಹಳ ಹುಳಿ ಆಗುತ್ತದೆ. ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿದರೆ ಹೊಲಕ್ಕೆ ಹೋಗುವ ದಾರಿಯಲ್ಲಿ, ಡಬ್ಬಿಯ ಒಳಗೇ, ಹಾಲು ನಿಧಾನ ಮೊಸರಾಗುತ್ತದೆ. ಉಣ್ಣುವ ಹೊತ್ತಿಗೆ ಬುತ್ತಿ ತಂಪು, ಮೆತ್ತಗೆ, ಹದವಾದ ಹುಳಿ.

ಕುದಿಯುವ ಅನ್ನಕ್ಕೆ ಮೊಸರು ಹಾಕಿದರೆ? ಆ ಸಣ್ಣ ಜೀವಿಗಳು ಸಾಯುತ್ತವೆ. ಮೊಸರು ಒಡೆಯುತ್ತದೆ. ನೀರು ಬೇರೆ, ಗಟ್ಟಿ ಬೇರೆ ಆಗುತ್ತದೆ. ಅದಕ್ಕೇ ಅನ್ನ ಆರಬೇಕು.

ಪಾತ್ರೆಯ ಮಾತೂ ಇದೆ. ಹುಳಿ ಪದಾರ್ಥವನ್ನು ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬೇಡಿ. ಅದು ಕಿಲುಬುತ್ತದೆ. ಹೊಟ್ಟೆಗೆ ಕೆಟ್ಟದ್ದು. ಅಲ್ಯುಮಿನಿಯಂ ಡಬ್ಬಿಯೂ ಬೇಡ. ಸ್ಟೀಲ್ ಡಬ್ಬಿ ಒಳ್ಳೆಯದು. ಮಣ್ಣಿನ ಗಡಿಗೆ ಇನ್ನೂ ಒಳ್ಳೆಯದು.

ನಾವು ಮಾಡಿದ ತಪ್ಪು

ಒಂದು ಸಲ ನಾವು ಬೇಸಿಗೆಯಲ್ಲಿ ಹಳ್ಳಿಗೆ ಹೊರಟಿದ್ದೆವು. ಗಡಿಬಿಡಿ ಇತ್ತು. ಬಿಸಿ ಅನ್ನಕ್ಕೆ ಮೊಸರು ಕಲಸಿದೆವು. ಬಿಗಿ ಡಬ್ಬಿಗೆ ತುಂಬಿ ಗಟ್ಟಿಯಾಗಿ ಮುಚ್ಚಿದೆವು. ಬಿಸಿಲಿನಲ್ಲಿ ಇಟ್ಟೆವು. ನಮ್ಮ ಕಡೆ ಬೇಸಿಗೆ ಬಿಸಿಲು ನಿಮಗೆ ಗೊತ್ತೇ ಇದೆ. 40 ಡಿಗ್ರಿ ದಾಟುತ್ತದೆ. ಹೊತ್ತು ಇಳಿದ ಮೇಲೆ ಡಬ್ಬಿ ತೆಗೆದರೆ ವಾಸನೆ! ಬುತ್ತಿ ಅಂಟಂಟು, ನೂಲು ನೂಲು. ಅಷ್ಟೂ ಚೆಲ್ಲಿದೆವು. ಉಪವಾಸ ಬಂದೆವು.

ಅಲ್ಲಿದ್ದ ಒಬ್ಬ ಅಜ್ಜಿ ನಕ್ಕರು. "ಅಲ್ಲವ್ವ, ಓದು ಕಲಸಾಕ ಬಂದೀರಿ. ಬುತ್ತಿ ಕಟ್ಟೋದು ನಮ್ಮಿಂದ ಕಲೀರಿ" ಎಂದರು. ಅವರು ಹೇಳಿದ್ದನ್ನು ನಾವು ಅಲ್ಲೇ ಬರೆದುಕೊಂಡೆವು.

ಅನ್ನವನ್ನು ಅಗಲ ತಾಟಿನಲ್ಲಿ ಹರವಿ ಆರಿಸಬೇಕು.
ಡಬ್ಬಿಗೆ ಒದ್ದೆ ಬಟ್ಟೆ ಸುತ್ತಬೇಕು.
ಗಿಡದ ನೆರಳಿನಲ್ಲಿ ಇಡಬೇಕು.
ಮಧ್ಯಾಹ್ನವೇ ಉಂಡು ಮುಗಿಸಬೇಕು.
ಬೇಸಿಗೆಯಲ್ಲಿ ರಾತ್ರಿಗೆ ಉಳಿಸಬಾರದು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬುದ್ಧಿ ಬಹಳ ಇತ್ತು. ಹಳಸಿದ ಅನ್ನದಿಂದ ವಾಂತಿ, ಭೇದಿ ಆಗುತ್ತದೆ. ಡಾಕ್ಟರೂ ಇದನ್ನೇ ಹೇಳುತ್ತಾರೆ. ವಾಸನೆ ಬಂದರೆ, ನೂಲು ಎಳೆದರೆ, ಆಸೆ ಬಿಟ್ಟು ಚೆಲ್ಲಿಬಿಡಿ.

ಅವ್ವನ ಪಾಲು

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ.

ಒಂದು ದಿನ ನಮ್ಮ ಕೇಂದ್ರದಲ್ಲಿ ಬರೆಯುವ ಪಾಠ ಇತ್ತು. "ನಿನ್ನೆ ನಾನು ಏನು ಉಂಡೆ? ಒಂದು ಸಾಲು ಬರೆಯಿರಿ" ಎಂದು ಹೇಳಿದೆವು. ಎಲ್ಲರೂ ಪಾಟಿ ಹಿಡಿದು ಬರೆದರು.

"ರೊಟ್ಟಿ, ಖಾರ" ಎಂದು ಒಬ್ಬರು ಬರೆದರು.
"ಮಕ್ಕಳು ಬಿಟ್ಟಿದ್ದು" ಎಂದು ಒಬ್ಬರು ಬರೆದರು.
"ಚಾ ಕುಡಿದು ಮಲಗಿದೆ" ಎಂದು ಒಬ್ಬರು ಬರೆದರು.

ಒಬ್ಬ ತಂಗಿ ಬಹಳ ಹೊತ್ತು ಬರೆದಳು. ಅಕ್ಷರ ಸೊಟ್ಟ ಇದ್ದವು. ಆದರೆ ತಪ್ಪು ಇರಲಿಲ್ಲ. "ಮಸರು ಇತ್ತು. ಎಲ್ಲರಿಗೂ ಹಾಕಿದೆ. ನನಗೆ ಉಳಿಯಲಿಲ್ಲ."

ಆ ಪಾಟಿ ನೋಡಿ ಎಲ್ಲರೂ ಸುಮ್ಮನಾದರು. ಯಾಕೆಂದರೆ ಅದು ಒಬ್ಬಳ ಮಾತಲ್ಲ. ಎಲ್ಲರ ಮನೆಯ ಮಾತು. ನಮ್ಮ ಮನೆಯದೂ ಹೌದು.

ನಾವು ಉಪವಾಸ ಇರಬೇಕು ಎಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ನೀಡುವ ಕೈ ನಮ್ಮದೇ. ಮೊದಲು ಮಾವನಿಗೆ, ಗಂಡನಿಗೆ ನೀಡುತ್ತೇವೆ. ಆಮೇಲೆ ಮಕ್ಕಳಿಗೆ ನೀಡುತ್ತೇವೆ. ಅದರಲ್ಲೂ ಮೊದಲು ಹುಡುಗರಿಗೆ, ಆಮೇಲೆ ಹುಡುಗಿಯರಿಗೆ. ಕೊನೆಗೆ ಗಡಿಗೆ ಕೆರೆಯುತ್ತೇವೆ. ಅನ್ನ ಇರುತ್ತದೆ. ಮೊಸರು ಇರುವುದಿಲ್ಲ. ಮೊಸರನ್ನು ಮೇಲಿನಿಂದ ಹಾಕುತ್ತೇವೆ ನೋಡಿ, ಅದಕ್ಕೇ ಅದು ಮೊದಲು ಉಂಡವರಿಗೆ ಸಿಗುತ್ತದೆ. ಕೊನೆಗೆ ಉಂಡವರಿಗೆ ತಪ್ಪುತ್ತದೆ.

ಒಂದೇ ಗಡಿಗೆಯ ಗುಣ ಇಲ್ಲಿದೆ. ಮೊಸರನ್ನು ಗಡಿಗೆಯಲ್ಲೇ ಕಲಸಿದರೆ ಅದನ್ನು ಬೇರೆ ಮಾಡಲು ಬರುವುದಿಲ್ಲ. ಮೊದಲ ಹುಟ್ಟಿನಲ್ಲಿಯೂ ಮೊಸರು, ಕೊನೆಯ ಹುಟ್ಟಿನಲ್ಲಿಯೂ ಮೊಸರು. ಶೇಂಗಾ ಕೂಡ ಹಾಗೆಯೇ.

ಲೆಕ್ಕ ಮಾಡಿ ನೋಡಿ. ಅರ್ಧ ಲೀಟರ್ ಹಾಲು ಎಂದರೆ ಎರಡೂವರೆ ಗ್ಲಾಸು. ಐದು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಅರ್ಧ ಗ್ಲಾಸು. ಅವ್ವನಿಗೂ ಅರ್ಧ ಗ್ಲಾಸು. ಹಾಲು ಹೆಚ್ಚು ತರಲಿಲ್ಲ. ಖರ್ಚು ಹೆಚ್ಚು ಆಗಲಿಲ್ಲ. ಪಾಲು ಮಾತ್ರ ಸರಿ ಆಯಿತು.

"ಗಂಡಸರ ಪಾಲು ಕಸಗೊಂಡಂಗ ಆಗಲ್ಲೇನ್ರಿ?" ಎಂದು ಕೇಳಬಹುದು. ಇಲ್ಲ. ಅವರೂ ದುಡಿಯುತ್ತಾರೆ, ಅವರೂ ಉಣ್ಣಲಿ. ಆದರೆ ನಾಟಿ ಹಚ್ಚುವ ಸೊಂಟ ಯಾರದು? ಕೊಡ ಹೊರುವ ತಲೆ ಯಾರದು? ಮಗುವಿಗೆ ಹಾಲು ಕುಡಿಸುವ ಎದೆ ಯಾರದು?

2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂತು. ಶಾಲೆಯ ಮಕ್ಕಳಿಗೆ ಹಾಲು ಕೊಡಲು ಶುರು ಮಾಡಿದರು. 2017ರಲ್ಲಿ ಮಾತೃಪೂರ್ಣ ಯೋಜನೆ ಬಂತು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ, ಹಾಲು ಕೊಡಲು ಶುರು ಮಾಡಿದರು. ಒಳ್ಳೆಯದಾಯಿತು. ಬಸಿರು, ಬಾಣಂತನ ಮುಗಿದ ಮೇಲೆ ನಮ್ಮ ಪಾಲು ನಮ್ಮ ಮನೆಯ ಗಡಿಗೆಯಲ್ಲೇ ಇರಬೇಕು. ಅದನ್ನು ನಾವೇ ತೆಗೆದಿಡಬೇಕು.

ಅದಕ್ಕೆ ಒಂದು ಉಪಾಯ. ಬುತ್ತಿ ಕಲಸಿದ ಕೂಡಲೇ, ಯಾರಿಗೂ ನೀಡುವ ಮೊದಲು, ಹೊಲಕ್ಕೆ ಹೋಗುವ ನಿಮ್ಮ ಡಬ್ಬಿ ತುಂಬಿ. ಕೊನೆಗೆ ಅಲ್ಲ. ಮೊದಲು. ನಾಚಿಕೆ ಬೇಡ. ಅದು ಕದ್ದದ್ದಲ್ಲ. ಅದು ನಿಮ್ಮ ಪಾಲು.

ಮೊಸರು ಒಂದೇ ಸಾಲದು

ಇನ್ನೊಂದು ಮಾತು ನೆನಪಿಡಿ. ಮೊಸರು ಎಲುಬಿಗೆ ಒಳ್ಳೆಯದು. ಆದರೆ ಅದರಲ್ಲಿ ಕಬ್ಬಿಣದ ಸತ್ವ ಬಹಳ ಕಡಿಮೆ. ರಕ್ತ ಕಡಿಮೆ ಇದ್ದರೆ ಮೊಸರು ಬುತ್ತಿಯೊಂದೇ ಸಾಲದು. ಕಣ್ಣು ಬೆಳ್ಳಗಾಗುವುದು, ದಣಿವು, ಏದುಸಿರು, ತಲೆ ತಿರುಗುವುದು ಇದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಕಾಳು, ಬೇಳೆ, ಸೊಪ್ಪು ಉಣ್ಣಿ. ನಮ್ಮ ಪುಂಡಿ ಪಲ್ಯ ಇದೆ, ರಾಜಗಿರಿ ಇದೆ, ಮೆಂತ್ಯ ಇದೆ. ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿಕೊಂಡರೆ ಅದರ ಕಬ್ಬಿಣದ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಸಂಗಡವೇ ಚಹಾ ಕುಡಿದರೆ ಅಷ್ಟು ಹತ್ತುವುದಿಲ್ಲ. ಆಶಾ ಅಕ್ಕ ಕೊಡುವ ಕಬ್ಬಿಣದ ಗುಳಿಗೆಯನ್ನೂ ಹಾಲು, ಮೊಸರು, ಚಹಾದ ಜೊತೆ ನುಂಗಬೇಡಿ. ಮೊಸರು ಬುತ್ತಿ ಉಂಡು ಎರಡು ತಾಸು ಬಿಟ್ಟು ನೀರಿನ ಜೊತೆ ನುಂಗಿ.

ಅಕ್ಷರ ಇಲ್ಲೂ ಬೇಕು

ಹಾಲಿನ ಪಾಕೀಟು, ಮೊಸರಿನ ಪಾಕೀಟು ಕೈಗೆ ಬಂದಾಗ ತಿರುಗಿಸಿ ನೋಡಿ. ಅದರ ಮೇಲೆ ದಿನಾಂಕ ಇರುತ್ತದೆ. ಬೆಲೆ ಇರುತ್ತದೆ. ಎಷ್ಟು ಹಾಲು ಎಂದು ಅಳತೆ ಇರುತ್ತದೆ. ಹಿಂದೆ ಅಂಗಡಿಯವರು ಹೇಳಿದ್ದೇ ಬೆಲೆ, ಕೊಟ್ಟದ್ದೇ ಹಾಲು. ಈಗ ನಿಮಗೆ ಅಂಕಿ ಓದಲು ಬರುತ್ತದೆ. ದಿನಾಂಕ ದಾಟಿದ್ದರೆ "ಇದು ಬ್ಯಾಡ್ರಿ, ಬ್ಯಾರೆ ಕೊಡ್ರಿ" ಎಂದು ಕೇಳಿ. ಬರೆದ ಬೆಲೆಗಿಂತ ಹೆಚ್ಚು ಕೇಳಿದರೆ ಬೆರಳಿಟ್ಟು ತೋರಿಸಿ.

ರೇಷನ್ ಅಂಗಡಿಯಲ್ಲೂ ಹಾಗೆಯೇ. ತಕ್ಕಡಿಯ ಅಂಕಿ ನೋಡಿ. ರಸೀದಿಯ ಅಂಕಿ ನೋಡಿ. ಎರಡೂ ಒಂದೇ ಇರಬೇಕು. ಗಡಿಗೆಯ ಲೆಕ್ಕ ಅಲ್ಲಿಂದಲೇ ಶುರು ಆಗುತ್ತದೆ.

ಕೊನೆಯ ಮಾತು

ನಾವು ಹೇಳಿದ ಅಳತೆಯೇ ಕೊನೆಯದಲ್ಲ. ಸುರಪುರದ ಅಕ್ಕ ಬೆಳ್ಳುಳ್ಳಿ ಹಾಕಬಹುದು. ಶಹಾಪುರದ ಅಕ್ಕ ಒಣಮೆಣಸಿನಕಾಯಿ ಹಾಕಬಹುದು. ಯಾದಗಿರಿಯ ಅಕ್ಕ ಉಳ್ಳಾಗಡ್ಡಿ ಕಡಿದುಕೊಂಡು ಉಣ್ಣಬಹುದು. ನಿಮ್ಮ ನಿಮ್ಮ ರುಚಿ.

ನಾಳೆ ಮಾಡಿ ನೋಡಿ. ನಿಮ್ಮ ಡಬ್ಬಿ ಮೊದಲು ತುಂಬಿ. ಹೊಲದಲ್ಲಿ ಗಿಡದ ಕೆಳಗೆ ಎಲ್ಲರೂ ಕೂತು ಉಣ್ಣಿ. ಬುತ್ತಿ ತರದ ಗೆಳತಿ ಇದ್ದರೆ ಒಂದು ತುತ್ತು ಕೊಡಿ.

ಮುಂದಿನ ವಾರ ನಾವು ಮತ್ತೆ ಬರುತ್ತೇವೆ. ಅವತ್ತೂ ಅದೇ ಪಾಠ. ಪಾಟಿ ತನ್ನಿ. "ನಿನ್ನೆ ನಾನು ಏನು ಉಂಡೆ?" ಎಂದು ಬರೆಯಿರಿ. ಸೊಟ್ಟ ಆದರೂ ಸರಿ, ನಿಮ್ಮ ಕೈಯಿಂದಲೇ ಬರೆಯಿರಿ.

ಅವತ್ತು ಪ್ರತಿ ಪಾಟಿಯ ಮೇಲೂ ಮೊಸರು ಎಂಬ ಅಕ್ಷರ ಓದಬೇಕು ಎಂದು ನಮಗೆ ಆಸೆ ಇದೆ.